ಮದುವೆ ಚಾಕು

ಯಲಹಂಕದ ಹಳೇಪೇಟೆಯಲ್ಲಿ ಸೊಣ್ಣಮ್ಮನ ಮನೆ ಯಾವುದು ಎಂದು ಕೇಳಿದರೆ ಯಾವ ಸೊಣ್ಣಮ್ಮ ಎಂದು ತಿರುಗಿ ಕೇಳುತ್ತಿದ್ದರು. ಸೀಬೆಹಣ್ಣು ಮಾರುವ ಸೊಣ್ಣಮ್ಮ ಎಂದರೂ ಒಂದಿಷ್ಟು ತಲೆ ಕೆರೆದುಕೊಳ್ಳುತ್ತಿದ್ದರು. ‘ಧಾರೆ ಹಾಲಿಗೆ ರಕ್ತ ಬಿದ್ದವಳು’ ಎಂದರೆ ಮಾತ್ರ ಕಟ್ಟೆಯ ಮೇಲೆ ಕೂತವರೆಲ್ಲ ಒಟ್ಟಿಗೆ ಕೈ ಎತ್ತಿ ಮನೆ ತೋರಿಸುತ್ತಿದ್ದರು. ಜನರಿಗೆ ಅಡ್ಡಹೆಸರು ಇಡುವುದರಲ್ಲಿ ಊರಿಗೆ ಇರುವ ಹುಮ್ಮಸ್ಸು ಬೇರೆ ಯಾವ ಕೆಲಸದಲ್ಲೂ ಇರುವುದಿಲ್ಲ.

ಅವಳು ಚಿಕ್ಕಜಾಲದ ಹುಡುಗಿ. ಐವತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಯಲಹಂಕದ ಮುನಿಆಂಜಿನಪ್ಪನಿಗೆ ಕೊಟ್ಟು ಮದುವೆ ಮಾಡಿದರು. ಆಗೆಲ್ಲ ಮದುವೆ ಗಂಡಿನ ಮನೆಯ ಚಪ್ಪರದಲ್ಲೇ ಆಗುತ್ತಿತ್ತು. ಶಾಸ್ತ್ರಕ್ಕೆ ಕೂತ ಗಳಿಗೆಯಿಂದ ಮದುವೆ ಮುಗಿಯುವವರೆಗೂ ಗಂಡಿನ ಕೈಯಲ್ಲಿ ಕಬ್ಬಿಣ ಇರಬೇಕು, ಅದರ ತುದಿಗೆ ನಿಂಬೆಹಣ್ಣು ಚುಚ್ಚಿರಬೇಕು. ದೃಷ್ಟಿ ತಾಗಬಾರದು, ಗಾಳಿ ಸೋಕಬಾರದು ಎಂದು ಹಿಂದಿನಿಂದ ನಡೆದು ಬಂದ ಕ್ರಮ. ಬೇರೆ ಮನೆಗಳಲ್ಲಿ ಅಜ್ಜನ ಕಾಲದ ಬಾಕನ್ನೋ ಅಡಿಗೆಮನೆಯ ಚೂರಿಯನ್ನೋ ತೊಳೆದು ಅರಿಶಿನ ಹಚ್ಚಿ ಗಂಡಿನ ಕೈಗೆ ಕೊಡುತ್ತಿದ್ದರು. ಮುನಿಆಂಜಿನಪ್ಪನಿಗೆ ಅದು ಹಿಡಿಸಲಿಲ್ಲ. ಪೇಟೆಯ ಜನ ಜೇಬಿನಲ್ಲಿ ಇಟ್ಟುಕೊಳ್ಳುವಂಥ ಮಡಿಚುವ ಚಾಕು ಬೇಕು, ಆಮೇಲೆ ತೋಟದ ಕೆಲಸಕ್ಕೂ ಆಗುತ್ತದೆ ಎಂದು ಹಟ ಹಿಡಿದ. ತಾಯಿ ಮಾರಕ್ಕ ಹಾಲು ಮಾರಿದ ದುಡ್ಡನ್ನು ಸೆರಗಿನ ಗಂಟಿನಿಂದ ಬಿಚ್ಚಿ, ಗಟ್ಟಿಯಾದದ್ದನ್ನೇ ತಗೊಂಡು ಬಾ ಎಂದು ಹೇಳಿ ಯಶವಂತಪುರಕ್ಕೆ ಕಳಿಸಿದಳು. ಅವನು ತಂದ ಚಾಕು ಹಿತ್ತಾಳೆಯಂತೆ ಪಳಪಳ ಹೊಳೆಯುತ್ತಿತ್ತು. ಮನೆಮಂದಿಯೆಲ್ಲ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಮೆಚ್ಚಿದರು.

ಧಾರೆಯ ಹೊತ್ತಿಗೆ ಚಪ್ಪರದಲ್ಲಿ ನೂಕುನುಗ್ಗಲು. ಯಾರದೋ ಮೊಣಕೈ ತಾಗಿ ನಿಂಬೆಹಣ್ಣು ತುದಿಯಿಂದ ಸಡಿಲವಾಯಿತು. ಮುನಿಆಂಜಿನಪ್ಪ ಅದನ್ನು ಅಂಗೈಯಲ್ಲಿ ಹಿಡಿದು ಒತ್ತಿದ. ಚಾಕು ಸರಕ್ಕನೆ ಮಡಿಚಿಕೊಂಡು ಅವನ ತೋರುಬೆರಳನ್ನು ಸೀಳಿತು. ಇಷ್ಟು ಜನರ ಮುಂದೆ ‘ಅಯ್ಯೋ’ ಎನ್ನಲು ಮದುವಣಿಗನಿಗೆ ನಾಚಿಕೆ. ಬೆರಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಸುಮ್ಮನೆ ನಿಂತ. ಧಾರೆಗೆ ಕೈ ಜೋಡಿಸಿ ಎಂದಾಗ ಮುಷ್ಟಿ ಬಿಚ್ಚಲೇಬೇಕಾಯಿತು. ಅವರಿಬ್ಬರ ಕೈ ಮೇಲೆ ಹೊಯ್ದ ಹಾಲು ಕೆಂಪಾಗಿ ಸೊಣ್ಣಮ್ಮನ ಮೊಣಕೈಯಿಂದ ಅವಳ ಸೀರೆಗೆ ಇಳಿಯಿತು.

ಓಲಗ ನಿಂತಿತು. ಬಟ್ಟೆ ಹರಿದು ಬೆರಳಿಗೆ ಕಟ್ಟಿದರು, ಬೇರೆ ಹಾಲು ತಂದರು, ತಾಳಿಯೂ ಕಟ್ಟಿದ್ದಾಯಿತು. ಆದರೆ ಹಿಂದೆ ಕೂತಿದ್ದ ಯಾವಳೋ ಒಬ್ಬ ಮುದುಕಿ ಆಗಲೇ ಬಾಯಿ ಬಿಟ್ಟಿದ್ದಳು: “ಇಷ್ಟ್ ಮದ್ವೇಲಿ ಯಾರ್ ಬೆರಳೂ ಕುಯ್ದಿಲ್ಲ. ಇವ್ಳ ಕೈ ಇಡಿಯೋ ಒತ್ಗೇ ಕುಯ್ತಲ್ಲವ್ವಾ!” ಅಷ್ಟೇ ಸಾಕಾಯಿತು. ಚಾಕನ್ನು ಅಂದೇ ಸಂಜೆ ಕೆರೆಗೆ ಎಸೆದು ಬಂದರು. ಸೊಣ್ಣಮ್ಮನನ್ನು ಎಸೆಯುವಂತಿರಲಿಲ್ಲವಾದ್ದರಿಂದ ಮನೆಯೊಳಗೆ ಇಟ್ಟುಕೊಂಡರು.

ಆ ವರ್ಷವೇ ಮಾವ ಚಿಕ್ಕಬೈರಪ್ಪ ವಿಷಮಶೀತ ಜ್ವರದಲ್ಲಿ ತೀರಿಕೊಂಡ. ಅದೂ ಅವಳಿಂದ. ಗಬ್ಬದ ಹಸು ಕಂದು ಹಾಕಿತು. ಅದೂ ಅವಳಿಂದ. ಯಾರ ಮನೆಯಲ್ಲಿ ಏನು ಕೆಟ್ಟರೂ ಗೂಬೆ ಕೂರಿಸಲು ಅವಳ ತಲೆ ಸದಾ ಖಾಲಿ ಇರುತ್ತಿತ್ತು. ಎರಡು ಮಕ್ಕಳನ್ನು ಹೆತ್ತಳು, ಎರಡೂ ಗುಂಡುಕಲ್ಲಿನಂತೆ ಬೆಳೆದವು. ಅದು ಮಾತ್ರ ಅವಳಿಂದ ಎಂದು ಯಾರೂ ಹೇಳಲಿಲ್ಲ. ಹಣೆಯಲ್ಲಿ ಕುಂಕುಮ, ಕೊರಳಲ್ಲಿ ತಾಳಿ, ಗಂಡ ಮನೆಯಲ್ಲಿ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದ. ಆದರೂ ಕೇರಿಯ ಯಾವ ಮದುವೆಯಲ್ಲೂ ಅರಿಶಿನ ಹಚ್ಚಲು ಅವಳನ್ನು ಕರೆಯಲಿಲ್ಲ. ಬಸುರಿಗೆ ಮಡಿಲು ತುಂಬಲು ಕರೆಯಲಿಲ್ಲ, ಆರತಿ ತಟ್ಟೆ ಮುಟ್ಟಗೊಡಲಿಲ್ಲ. ಹಿತ್ತಲಲ್ಲಿ ಪಾತ್ರೆ ತಿಕ್ಕಲು, ಕುಂಬಳಕಾಯಿ ಹೆಚ್ಚಲು ಮಾತ್ರ ಎಲ್ಲರಿಗಿಂತ ಮೊದಲು ಅವಳಿಗೇ ಕರೆ ಬರುತ್ತಿತ್ತು. ಅವಳು ಹೋಗುತ್ತಲೂ ಇದ್ದಳು. ಹೋಗದಿದ್ದರೆ ಅದಕ್ಕೂ ಒಂದು ಮಾತು ಹುಟ್ಟುತ್ತಿತ್ತು.

ಎಲ್ಲಕ್ಕಿಂತ ಕೆಟ್ಟದ್ದೆಂದರೆ ಅವಳೂ ಅದನ್ನು ನಂಬಿದ್ದಳು. ತನ್ನಲ್ಲೇ ಏನೋ ಐಬು ಇದೆ, ಇಲ್ಲದಿದ್ದರೆ ಜಡ ಕಬ್ಬಿಣಕ್ಕೆ ತನ್ನ ಮೇಲೆ ಯಾವ ಜನ್ಮದ ಹಗೆ ಎಂದುಕೊಳ್ಳುತ್ತಿದ್ದಳು. ಮಕ್ಕಳಿಗೆ ಕೆಮ್ಮು ಬಂದರೆ ಅವುಗಳ ತಲೆ ಸವರಲೂ ಹಿಂದೆಮುಂದೆ ನೋಡುತ್ತಿದ್ದಳು.

ಅವಳನ್ನು ಹಚ್ಚಿಕೊಂಡಿದ್ದವನು ಮೈದುನ ಅಶ್ವತ್ಥಪ್ಪ ಒಬ್ಬನೇ. ಅವಳು ಬಂದಾಗ ಇನ್ನೂ ಚಡ್ಡಿ ಜಾರುವ ಹುಡುಗ. ಅವನ ಹೇನು ಹೆಕ್ಕಿ, ಮುದ್ದೆ ಉಣ್ಣಿಸಿ ಬೆಳೆಸಿದವಳು ಅವಳು. ಅರವತ್ತನಾಲ್ಕರಲ್ಲಿ ಅವನಿಗೆ ಬಾಗಲೂರಿನ ಕಡೆಯ ಹೆಣ್ಣು ಗೊತ್ತಾಯಿತು. ಅಣ್ಣನ ಹೆಂಡತಿಯಾದವಳು ಮೈದುನನಿಗೆ ಆರತಿ ಎತ್ತಿ ಹಸೆಗೆ ಕರೆತರಬೇಕು, ಅದು ಆ ಮನೆಯ ಪದ್ಧತಿ. ಈ ಒಂದು ಸಲ, ಇವನೊಬ್ಬನಿಗೆ, ತಾನು ಆರತಿ ಎತ್ತಬೇಕು ಎಂದು ಸೊಣ್ಣಮ್ಮನಿಗೆ ಬಹಳ ಆಸೆ ಇತ್ತು. ಬಾಯಿ ಬಿಟ್ಟು ಕೇಳಲಿಲ್ಲ. ಮಾರಕ್ಕ ಆರತಿ ಎತ್ತಲು ತನ್ನ ಅಕ್ಕನ ಮಗಳು ಕೃಷ್ಣಮ್ಮನಿಗೆ ಹೇಳಿಕಳಿಸಿದ್ದಾಳೆ ಎಂದು ಗೊತ್ತಾದ ದಿನ ರಾಗಿ ಬೀಸುತ್ತಾ ಬೀಸುತ್ತಾ ಅತ್ತಳು.

ಚಾಕಿನ ವಿಷಯ ಬಂದದ್ದು ಇದೇ ದಿನಗಳಲ್ಲಿ. ಗಂಡ ಗುತ್ತಿಗೆಗೆ ಹಿಡಿದಿದ್ದ ತೋಟದ ಸೀಬೆಹಣ್ಣು, ಸೌತೆಕಾಯಿಗಳನ್ನು ಸೊಣ್ಣಮ್ಮ ಬೆಳಗಿನ ರೈಲಿನಲ್ಲಿ ಯಶವಂತಪುರಕ್ಕೆ ಒಯ್ದು ಸ್ಟೇಷನ್ನಿನ ಹೊರಗೆ ಕೂತು ಮಾರುತ್ತಿದ್ದಳು. ಸೀಳಿ ಉಪ್ಪುಖಾರ ಹಚ್ಚಿ ಕೊಟ್ಟರೆ ವ್ಯಾಪಾರ ಜೋರು. ಅದಕ್ಕೆಂದು ಅಡಿಗೆಮನೆಯ ಚೂರಿಯನ್ನು ಬಟ್ಟೆಯಲ್ಲಿ ಸುತ್ತಿ ಕುಕ್ಕೆಯಲ್ಲಿ ತರುತ್ತಿದ್ದಳು. ಒಂದು ದಿನ ರೈಲಿನ ನೂಕಾಟದಲ್ಲಿ ಚೂರಿಯ ತುದಿ ಕುಕ್ಕೆಯಿಂದ ಹೊರಬಂದು ಒಬ್ಬರ ಪಂಚೆಯನ್ನು ಉದ್ದಕ್ಕೆ ಹರಿಯಿತು. ಪುಣ್ಯಕ್ಕೆ ಕಾಲಿಗೆ ತಾಗಲಿಲ್ಲ. ಆತ ಡಬ್ಬಿ ತುಂಬ ಕೂಗಾಡಿದ. ಟಿಕೆಟ್ ನೋಡುವವನು, “ನಾಳೆಯಿಂದ ಬಿಚ್ಚು ಚೂರಿ ತಂದ್ರೆ ಕುಕ್ಕೆ ಸಮೇತ ಇಳಿಸ್ಬಿಡ್ತೀನಿ ನೋಡು” ಎಂದು ಗದರಿದ. ಪಂಚೆಯಲ್ಲಿ ರಕ್ತವಿಲ್ಲ ಎಂದು ಖಾತ್ರಿಯಾಗುವವರೆಗೂ ಸೊಣ್ಣಮ್ಮ ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ.

ಹಾಗಾಗಿ ಆ ಮಧ್ಯಾಹ್ನ ಅವಳು ಮಡಿಚುವ ಚಾಕು ಕೊಳ್ಳಲು ಹೊರಟಳು. ಸ್ಟೇಷನ್ ರಸ್ತೆಯ ಹುಣಸೆಮರದ ಕೆಳಗೆ ಮುಕ್ತಾರ್ ಸಾಬರು ಗೋಣಿ ಹಾಸಿ ಚಾಕು, ಕತ್ತರಿ, ಅಡಕತ್ತರಿ ಮಾರುತ್ತಿದ್ದರು, ಪಕ್ಕದಲ್ಲೇ ಸಾಣೆಯನ್ನೂ ಹಿಡಿಯುತ್ತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು, ನಾಲಗೆ ಮಾತ್ರ ಅವರ ಚಾಕುಗಳಷ್ಟೇ ಚುರುಕು. ಸೊಣ್ಣಮ್ಮ ಕುಕ್ಕೆ ಇಳಿಸಿ ಕುಕ್ಕರಗಾಲಲ್ಲಿ ಕೂತಳು. ಅವಳ ಕಣ್ಣು ಮೊದಲು ಹೋದದ್ದು ಜಿಂಕೆ ಕೊಂಬಿನ ಹಿಡಿ ಇದ್ದ ಒಂದು ಚಾಕಿನ ಮೇಲೆ. ಅದರಲ್ಲಿ ಎರಡು ಅಲಗು, ಒಂದು ದೊಡ್ಡದು, ಒಂದು ಪುಟ್ಟದು.

“ಮುಟ್ಟಿ ನೋಡಮ್ಮಾ, ಮುಟ್ಟೋಕೇನು ಕಾಸಿಲ್ಲ” ಎಂದರು ಮುಕ್ತಾರ್. “ಸೀಮೆ ಮಾಲು. ದೊರೆ ಒಬ್ರು ಊರು ಬಿಡುವಾಗ ಮಾರಿದ್ದು.”

ಬೆಲೆ ಕೇಳಿ ಅವಳು ಅದನ್ನು ಮೆಲ್ಲಗೆ ಗೋಣಿಯ ಮೇಲೆ ಇಟ್ಟಳು. “ಸೌತೆಕಾಯಿ ಸೀಳೋಕೆ ದೊರೆ ಚಾಕು ಯಾಕೆ ಸಾಬ್ರೇ. ನಮ್ ಕೈಗೆ ಎಟುಕೋದು ತೋರ್ಸಿ.”

ಮೂಲೆಯಲ್ಲಿ ಒಂದು ರಾಶಿ ಇತ್ತು. ಹಿತ್ತಾಳೆ ಬಣ್ಣದ ಹಿಡಿ, ಹಿಡಿಯ ಮೇಲೆ ಒಂದು ನವಿಲು. ನೋಡಲು ಚೆಂದ, ಬೆಲೆಯೂ ಅಗ್ಗ. ಎಲ್ಲೋ ನೋಡಿದಂತಿದೆ ಎನ್ನಿಸಿತು ಅವಳಿಗೆ. ಕೈ ಚಾಚಿದಳು.

“ಅದು ಬ್ಯಾಡ” ಎಂದರು ಮುಕ್ತಾರ್ ತಟ್ಟನೆ. “ಅದು ಮದುವೆ ಚಾಕು.”

“ಅಂಗಂದ್ರೆ?”

“ನಿಮ್ ಜನದಲ್ಲಿ ಗಂಡಿನ ಕೈಗೆ ಕೊಡಲ್ವಾ, ನಿಂಬೆಹಣ್ ಚುಚ್ಚಿ? ಅದಕ್ಕೇಂತ ಕೊಳ್ತಾರೆ. ಒಂದ್ ದಿನದ ಶೋಕಿ. ಕೆಲಸಕ್ಕೆ ಬರಲ್ಲ.” ಅವರು ಒಂದನ್ನು ಎತ್ತಿ ಬಿಚ್ಚಿದರು. ಸದ್ದೇ ಆಗಲಿಲ್ಲ. “ಕೇಳಿದ್ಯಾ? ಬಿಚ್ಚಿದ್ರೂ ಟಕ್ ಅನ್ನಲ್ಲ, ಮುಚ್ಚಿದ್ರೂ ಟಕ್ ಅನ್ನಲ್ಲ. ಒಳಗಿರೋ ಸ್ಪ್ರಿಂಗು ಬರೀ ತಗಡು. ಮಡಿಚೋ ಚಾಕಿಗೆ ಬೀಗ ಇಲ್ಲಮ್ಮಾ, ಸ್ಪ್ರಿಂಗೇ ಅದರ ಬೀಗ. ಅದು ಬಿಗಿ ಇಲ್ದಿದ್ರೆ…” ಗೋಣಿಯ ಮೇಲಿದ್ದ ಒಂದು ಮರದ ತುಂಡಿಗೆ ಚಾಕಿನ ತುದಿ ಊರಿ ಸ್ವಲ್ಪ ಒತ್ತಿದರು. ಅಲಗು ಸರಕ್ಕನೆ ಮಡಿಚಿಕೊಂಡಿತು. ಮುಕ್ತಾರ್ ಬೆರಳನ್ನು ಮೊದಲೇ ಈಚೆಗೆ ತೆಗೆದಿದ್ದರು. “ನೋಡಿದ್ಯಾ? ಬೆರಳು ಹೋಗುತ್ತೆ.”

ಸೊಣ್ಣಮ್ಮ ಆ ಮಡಿಚಿದ ಚಾಕನ್ನೇ ನೋಡುತ್ತಾ ಕೂತಳು.

“ಕೊಳ್ಳೋರಿಗೆ ಇದನ್ನ ಯೋಳ್ತೀರಾ ಸಾಬ್ರೇ?”

“ಹೇಳ್ದೇ ಕೊಟ್ಟಿಲ್ಲ ಇವತ್ತಿನವರೆಗೂ. ಅಲ್ಲಾನ ಮುಂದೆ ನಿಲ್ಲಬೇಕಲ್ಲ ನಾನು! ನಿಂಬೆಹಣ್ಣು ಒತ್ತಬ್ಯಾಡಪ್ಪಾ, ಮೊದಲೇ ತೂತು ಮಾಡಿ ಸಿಕ್ಕಿಸ್ಕೋ, ಇಲ್ಲ ಸ್ವಲ್ಪ ಕಾಸು ಜಾಸ್ತಿ ಹಾಕಿ ಮರದ ಹಿಡೀದು ತಗೋ ಅಂತ ಒಬ್ಬೊಬ್ಬರಿಗೂ ಹೇಳ್ತೀನಿ. ಯಾರು ಕೇಳ್ತಾರೆ? ಹೊಳೀತದೆ ಅಂತ ಇದೇ ಒಯ್ತಾರೆ.”

“ಐವತ್ತೆರಡರಾಗೂ ಯೋಳ್ತಿದ್ರಾ?”

ಮುಕ್ತಾರ್ ಅವಳ ಮುಖ ನೋಡಿದರು. ಇದೆಂಥ ಪ್ರಶ್ನೆ ಎಂದು ಅವರಿಗೆ ಅರ್ಥವಾಗಲಿಲ್ಲ. “ಇದೇ ಮರ, ಇದೇ ಗೋಣಿ, ಇದೇ ಮಾತು ಕಣಮ್ಮಾ” ಎಂದರು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಂದ ಎದ್ದು ಓಡುತ್ತಿದ್ದರೇನೋ. ಸೊಣ್ಣಮ್ಮ ಓಡಲಿಲ್ಲ. ಇಷ್ಟು ವರ್ಷ ಒಂದು ತಗಡಿನ ತುಂಡಿನ ತಪ್ಪನ್ನು ಹೊತ್ತು ತಿರುಗಿದವಳು ಈಗ ಹಟಕ್ಕೆ ಬಿದ್ದವಳ ಹಾಗೆ ಚಾಕು ಆರಿಸಲು ಕೂತಳು. ಮರದ ಹಿಡಿಯ ಒಂಟಿ ಅಲಗಿನ ಚಾಕುಗಳನ್ನು ಒಂದೊಂದಾಗಿ ಎತ್ತಿಕೊಂಡಳು. ಅಲಗಿನ ಗೀರಿಗೆ ಉಗುರು ಸಿಕ್ಕಿಸಿ ಬಿಚ್ಚುವಳು, ಮುಚ್ಚುವಳು, ಕಿವಿಯ ಹತ್ತಿರ ಹಿಡಿದು ಟಕ್ ಎಂಬ ಸದ್ದು ಕೇಳುವಳು. ಒಂದರ ಅಲಗು ಅತ್ತಿತ್ತ ಅಲ್ಲಾಡಿತು, ಪಕ್ಕಕ್ಕಿಟ್ಟಳು. ಇನ್ನೊಂದನ್ನು ಬೆಳಕಿಗೆ ಹಿಡಿದರೆ ಅಲಗಿಗೂ ಸ್ಪ್ರಿಂಗಿಗೂ ನಡುವೆ ಸಂದು ಕಂಡಿತು, ಅದನ್ನೂ ಇಟ್ಟಳು. ಮತ್ತೊಂದು ಎಷ್ಟು ಬಿಗಿಯೆಂದರೆ ಉಗುರೇ ಕಿತ್ತುಬರುವಂತಿತ್ತು. ಕೊನೆಗೆ ಬೀಟೆಮರದ ಹಿಡಿಯದೊಂದು ಸಿಕ್ಕಿತು. ಅದರಲ್ಲಿ ಹೊಳಪಿಲ್ಲ, ನವಿಲಿಲ್ಲ. ಬಿಚ್ಚಿದರೆ ಟಕ್, ಮುಚ್ಚಿದರೆ ಟಕ್. ಮರದ ತುಂಡಿಗೆ ತುದಿ ಊರಿ ಒತ್ತಿದಳು. ಅಲಗು ಮಿಸುಕಲಿಲ್ಲ. ಕುಕ್ಕೆಯಿಂದ ಒಂದು ಸೌತೆಕಾಯಿ ತೆಗೆದು ಸೀಳಿ ನೋಡಿದಳು. ಅರ್ಧವನ್ನು ಮುಕ್ತಾರ್ ಸಾಬರಿಗೆ ಕೊಟ್ಟಳು.

“ಆರ್ಸೋದು ಗೊತ್ತಮ್ಮ ನಿಂಗೆ” ಎಂದರು ಅವರು ಸೌತೆಕಾಯಿ ಕಡಿಯುತ್ತಾ. “ಇದೇ ತಗೋ. ಆದ್ರೆ ಎಷ್ಟೇ ಒಳ್ಳೇದಾದ್ರೂ ಅಲಗಿನ ಬೆನ್ನ ಮೇಲೆ ಮಾತ್ರ ಒತ್ತಬ್ಯಾಡ.” ಅವಳು ಕೊಟ್ಟಷ್ಟಕ್ಕೆ ಒಪ್ಪಿಕೊಂಡು ಚಾಕನ್ನು ಅವಳ ಕೈಗೆ ಕೊಡದೆ ನೆಲದ ಮೇಲಿಟ್ಟರು. ಕಬ್ಬಿಣ ಕೈಯಿಂದ ಕೈಗೆ ಹೋದರೆ ಜಗಳ ಎಂಬುದು ಅವರಿಗೂ ಗೊತ್ತಿತ್ತು. ಜಗಳ ಹೇಗೂ ಕಾದಿತ್ತು.

ಸಂಜೆ ಮುನಿಆಂಜಿನಪ್ಪ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ. ಸೊಣ್ಣಮ್ಮ ಕುಕ್ಕೆ ಇಳಿಸಿ, ಚಾಕನ್ನು ಅವನ ಮುಂದೆ ಇಟ್ಟು ಕೇಳಿದಳು.

“ಯಶವಂತಪುರದ ಮುಕ್ತಾರ್ ಸಾಬ್ರು ನಿಮ್ಗೂ ಅಂದಿದ್ರಾ? ತಗಡಿನ ಸ್ಪ್ರಿಂಗು, ನಿಂಬೆಹಣ್ಣು ಒತ್ತಬ್ಯಾಡ ಅಂತ?”

ಅವನ ಬೆರಳು ಸುಣ್ಣದಲ್ಲೇ ನಿಂತಿತು. ಅದೇ ತೋರುಬೆರಳು, ಗಾಯದ ಗುರುತು ಇನ್ನೂ ಇತ್ತು. ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ. ಸುಮ್ಮನಿರಲು ಮಾತ್ರ ಚೆನ್ನಾಗಿ ಬರುತ್ತಿತ್ತು.

“ಅಂದಿದ್ರು” ಎಂದ.

“ಅತ್ತೆ ಗಟ್ಟಿ ಚಾಕು ತಾ ಅಂತಲ್ವಾ ದುಡ್ ಕೊಟ್ಟಿದ್ದು?”

“ಊಂ.”

“ಮತ್ತೆ ಮಿಕ್ಕಿದ್ ದುಡ್ಡು?”

ಅವನು ಬೀದಿಯ ಕಡೆ ನೋಡಿದ. “ಮಲ್ಲೇಶ್ವರಕ್ ಓಗಿ ಮಸಾಲೆ ದೋಸೆ ತಿಂದೆ ಕಣೇ. ಒಂದ್ ಕಾಪಿ ಕುಡ್ದೆ. ಓಟ್ಲಲ್ಲಿ ಕೂತು ತಿನ್ಬೇಕು ಅಂತ ಬಾಳ ದಿನದಿಂದ ಆಸೆ ಇತ್ತು.”

ಮಸಾಲೆ ದೋಸೆ. ಸೊಣ್ಣಮ್ಮನಿಗೆ ನಗುವೂ ಬಂತು, ಸಿಟ್ಟೂ ಬಂತು. ಇವನು ಕುಡುಕನೋ ಜೂಜುಕೋರನೋ ಆಗಿದ್ದರೆ ಬೈದು ಹಗುರವಾಗಬಹುದಿತ್ತು. ಆಸೆಪಟ್ಟು ಒಂದು ದೋಸೆ ತಿಂದವನನ್ನು ಏನೆಂದು ಬೈಯುವುದು? ದೋಸೆ ತಿಂದದ್ದು ತಪ್ಪಲ್ಲ. ಆಮೇಲೆ ಇಷ್ಟು ವರ್ಷ, ಅವ್ವ ಇವಳನ್ನು ಮೂದಲಿಸುವಾಗಲೆಲ್ಲ, ಪಕ್ಕದಲ್ಲೇ ಕೂತು ಎಲೆ ಅಗಿದನಲ್ಲ, ಅದನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ. ಮದುವೆಯಾದಾಗಿನಿಂದ ‘ನೀವು’ ಎನ್ನುತ್ತಿದ್ದವಳ ಬಾಯಿಂದ ಅಂದು ‘ನೀನು’ ಬಂತು.

“ನಿಂಗ್ ಗೊತ್ತಿತ್ತು. ನನ್ದೇನೂ ತಪ್ಪಿಲ್ಲ ಅಂತ ನಿಂಗೊಬ್ಬನ್ಗೇ ಗೊತ್ತಿತ್ತು. ನಿನ್ನವ್ವನ ಮುಂದೆ ಒಂದ್ ಮಾತು ಆಡ್ಬೋದಿತ್ತಲ್ಲ?”

“ದುಡ್ ಏನ್ ಮಾಡ್ದೆ ಅಂತ ಕೇಳೋಳು” ಎಂದ ಅವನು.

“ಈಗ ಓಗ್ ಯೋಳು. ಇಲ್ದಿದ್ರೆ ನಾಳೆಯಿಂದ ನಿನ್ ತ್ವಾಟದ ಒಂದ್ ಹಣ್ಣೂ ನನ್ ತಲೆ ಮ್ಯಾಲೆ ಓಗಲ್ಲ.”

ಅವನು ಹೋಗಿ ಹೇಳಿದ. ಅದೊಂದನ್ನು ಅವನ ಲೆಕ್ಕಕ್ಕೆ ಬರೆಯಲೇಬೇಕು. ಒಲೆಯ ಮುಂದೆ ಕೂತಿದ್ದ ತಾಯಿಗೆ ಚಾಕು, ತಗಡು, ಸಾಬರ ಮಾತು, ದೋಸೆ, ಒಂದನ್ನೂ ಬಿಡದೆ ಒಪ್ಪಿಸಿದ. ಸೊಣ್ಣಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಮಾರಕ್ಕ ಉರಿಯುವ ಸೌದೆಯನ್ನು ಮುಂದಕ್ಕೆ ತಳ್ಳಿ, ಒಂದಿಷ್ಟೂ ತಡವರಿಸದೆ ಅಂದಳು:

“ಮದ್ವೆಗ್ ಮುಂಚೆ ನನ್ ಮಗ ಒಂದ್ ದ್ವಾಸೆ ತಿಂದ್ರೆ ಇವ್ಳಿಗ್ಯಾಕೆ ಒಟ್ಟೆ ಉರಿ? ಆ ಚಾಕು ಅಂಗ್ಡೀಲಿ ಮಡಿಚ್ಕೊಳ್ಳಿಲ್ಲ, ದಾರೀಲಿ ಮಡಿಚ್ಕೊಳ್ಳಿಲ್ಲ. ಶಾಸ್ತ್ರದ್ ದಿನಾನೂ ಸುಮ್ಕಿತ್ತು. ಇವ್ಳ ಕೈ ಇಡಿಯೋ ಒತ್ಗೇ ಯಾಕ್ ಮಡಿಚ್ಕೋಬೇಕಿತ್ತು? ಅದನ್ನೇಳು ಮೊದ್ಲು.”

ಮುನಿಆಂಜಿನಪ್ಪ ಹೊರಗೆ ಬಂದು, “ಯೋಳ್ದೆ, ಕೇಳ್ಲಿಲ್ಲ, ನಾನೇನ್ ಮಾಡ್ಲಿ” ಎಂದು ಮತ್ತೆ ಎಲೆಗೆ ಸುಣ್ಣ ಹಚ್ಚಿದ. ಸತ್ಯ ಗೊತ್ತಾದರೆ ಎಲ್ಲ ಸರಿಹೋಗುತ್ತದೆ ಎಂದು ಸೊಣ್ಣಮ್ಮ ರೈಲಿನಲ್ಲಿ ಬರುವಾಗ ಅಂದುಕೊಂಡಿದ್ದಳು. ಈಗ ತಾನು ಎಂಥ ದಡ್ಡಿ ಎನ್ನಿಸಿತು.

ಮದುವೆಯ ದಿನ ಮನೆ ತುಂಬ ಜನ. ಕೃಷ್ಣಮ್ಮ ಹೊಸ ಸೀರೆ ಉಟ್ಟು ಆರತಿ ತಟ್ಟೆ ಹಿಡಿದು ಓಡಾಡುತ್ತಿದ್ದಳು. ಸೊಣ್ಣಮ್ಮ ಹಿತ್ತಲಲ್ಲಿ ಸೌತೆಕಾಯಿ ರಾಶಿಯ ಮುಂದೆ ಕೂತು ತನ್ನ ಚಾಕಿನಿಂದ ಸಿಪ್ಪೆ ತೆಗೆಯುತ್ತಿದ್ದಳು. ಅಶ್ವತ್ಥಪ್ಪ ಅರಿಶಿನದ ಮೈಯಲ್ಲೇ ಹಿತ್ತಲ ಬಾಗಿಲಿಗೆ ಬಂದ. ಎಡಗೈಯಲ್ಲಿ ಮನೆಯ ಹಳೇ ಚೂರಿ ಹಿಡಿದಿದ್ದ, ಅದರ ಹಿಡಿ ಸಡಿಲವಾಗಿ ಲೊಡಲೊಡ ಎನ್ನುತ್ತಿತ್ತು.

“ಅತ್ಗೆ, ನಿನ್ ಚಾಕು ಗಟ್ಟಿಯಾಗೈತಂತೆ. ಇವತ್ತೊಂದಿನ ಕೊಡು.”

ಸೊಣ್ಣಮ್ಮ ತಲೆ ಎತ್ತಿ ಅವನನ್ನು ನೋಡಿದಳು. ಅತ್ತಿಗೆ ಯಾಕೆ ಹಿತ್ತಲಲ್ಲಿದ್ದಾಳೆ ಎಂದು ಅವನು ಕೇಳಲಿಲ್ಲ. ಅವಳು ಹೇನು ಹೆಕ್ಕಿ ಬೆಳೆಸಿದ ತಲೆಯ ಮೇಲೆ ಈಗ ಜರಿಯ ಪೇಟ ಇತ್ತು. ಇವನಾದರೂ ಒಂದು ಮಾತು ಕೇಳಬಹುದಿತ್ತು ಎಂದು ಅವಳಿಗೆ ಬಹಳ ನೋವಾಯಿತು. ಚಾಕು ಬೇಕು, ನಾನು ಬೇಡವೇ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಕೊಡುವುದಿಲ್ಲ ಹೋಗು ಎಂದರೆ ಯಾಕೆ ಎಂದು ಕೇಳುವವರು ಯಾರೂ ಇರಲಿಲ್ಲ, ಅದು ಅವಳದೇ ಚಾಕು.

ಆಗ ಒಳಗಿನಿಂದ ಹೆಂಗಸರ ನಗು ಕೇಳಿಸಿತು. ಬಾಗಲೂರಿನ ಹುಡುಗಿಗೆ ಬಳೆ ತೊಡಿಸುತ್ತಿದ್ದರು. ಸೊಣ್ಣಮ್ಮ ಅವಳ ಮುಖವನ್ನೂ ಇನ್ನೂ ಸರಿಯಾಗಿ ನೋಡಿರಲಿಲ್ಲ. ಹದಿನಾರೋ ಹದಿನೇಳೋ ಇರಬೇಕು. ಈ ಲೊಡಲೊಡ ಚೂರಿ ಜಾರಿ ಇವನ ಕೈಯಲ್ಲಿ ಒಂದು ಹನಿ ರಕ್ತ ಬಂದರೆ ಸಾಕು, ಊರು ಆ ಹುಡುಗಿಗೂ ಇಂದೇ ಒಂದು ಹೆಸರಿಡುತ್ತದೆ.

ಸೊಣ್ಣಮ್ಮ ಚಾಕನ್ನು ತೊಳೆದು, ಸೆರಗಿನಲ್ಲಿ ಒರಸಿದಳು. ಬಿಚ್ಚಿ, ಹಿತ್ತಲ ಕಲ್ಲಿಗೆ ತುದಿ ಊರಿ ಒತ್ತಿ ನೋಡಿದಳು. ಒಂದು ನಿಂಬೆಹಣ್ಣು ಆರಿಸಿ, ಮೊದಲು ದಬ್ಬಳದಿಂದ ತೂತು ಮಾಡಿ, ಆಮೇಲೆ ತಾನೇ ನೇರವಾಗಿ ಅಲಗಿಗೆ ಕೂರಿಸಿದಳು. ನೆಲದ ಮೇಲಿಟ್ಟಳು.

“ಸಡಿಲ ಆದ್ರೂ ಒತ್ತಬ್ಯಾಡ ಕಣಪ್ಪ” ಎಂದಳು. “ನನ್ನ ಕೂಗು.”

ಅವನು ಎತ್ತಿಕೊಂಡು ಓಡಿದ. ಅವಳ ಕೈ ಮುಟ್ಟಿದ ಕಬ್ಬಿಣ, ಅವಳ ಕೈ ಚುಚ್ಚಿದ ನಿಂಬೆಹಣ್ಣು ಹಸೆಮಣೆಯ ಮೇಲೆ ಹೋಗಿ ಕೂತದ್ದನ್ನು ಯಾರೂ ಗಮನಿಸಲಿಲ್ಲ.

ಧಾರೆ ಆಯಿತು. ಓಲಗ ಒಮ್ಮೆಯೂ ನಿಲ್ಲಲಿಲ್ಲ, ಹಾಲು ಬೆಳ್ಳಗೇ ಇಳಿಯಿತು. ಸೊಣ್ಣಮ್ಮ ಹಿತ್ತಲ ಬಾಗಿಲಿಗೆ ಒರಗಿ, ಜನರ ಬೆನ್ನುಗಳ ಸಂದಿಯಿಂದ ಆ ಹುಡುಗಿಯ ಕೈಗಳನ್ನಷ್ಟೇ ನೋಡುತ್ತಿದ್ದಳು. ಹಾಲು ಬೆಳ್ಳಗಿದೆ ಎಂದು ಕಂಡ ಮೇಲೆ ಪಾತ್ರೆ ತಿಕ್ಕಲು ಹೋದಳು.

ಊಟದ ಪಂಕ್ತಿ ಏಳುವ ಹೊತ್ತಿಗೆ ಮಾರಕ್ಕ ಬೀಗಿತ್ತಿಯನ್ನು ಕರೆದುಕೊಂಡು ಕೈ ತೊಳೆಸಲು ಹಿತ್ತಲಿಗೆ ಬಂದಳು. ಎಲ್ಲ ಸುಸೂತ್ರವಾಗಿ ನಡೆದ ಸಂತೋಷದಲ್ಲಿ ಮುಖ ಅರಳಿತ್ತು. ಪಾತ್ರೆ ತಿಕ್ಕುತ್ತಿದ್ದ ಸೊಸೆಯ ಕಡೆ ಗದ್ದ ತೋರಿಸಿ, ದನಿಯನ್ನೂ ತಗ್ಗಿಸದೆ ಹೇಳಿದಳು:

“ನೋಡಿದ್ರಾ ಬೀಗ್ತಿ? ಇವ್ಳನ್ನ ಚಪ್ರಕ್ ಬಿಡ್ಲಿಲ್ಲ, ಅದ್ಕೇ ಒಂದ್ ತೊಟ್ಟು ರಕ್ತ ಬೀಳ್ಳಿಲ್ಲ.”

ಬೀಗಿತ್ತಿ ಹೌದು ಹೌದೆಂದು ತಲೆಯಾಡಿಸಿದಳು. ಜಗಲಿಯ ಕಡೆಯಿಂದ ಬಂದ ಮುನಿಆಂಜಿನಪ್ಪ ಆ ಮಾತನ್ನು ಕೇಳಿಸಿಕೊಂಡ. ಎಲೆ ಅಗಿಯುತ್ತಾ, ಉಗುಳಲು ಹೋಗುವವನಂತೆ ಬೇಲಿಯ ಕಡೆ ತಿರುಗಿದ.

ಮಾರನೇ ದಿನ ಅಶ್ವತ್ಥಪ್ಪ ಚಾಕನ್ನು ಅಡಿಗೆಮನೆಯ ಹೊಸ್ತಿಲಲ್ಲಿ ಇಟ್ಟು ಹೋಗಿದ್ದ. ಹಗಲೆಲ್ಲ ನಿಂಬೆಯ ಹುಳಿ ಕುಡಿದ ಅಲಗು ಕಪ್ಪಾಗಿತ್ತು. ಸೊಣ್ಣಮ್ಮ ಹುಣಸೆಹಣ್ಣು ಹಾಕಿ ತಿಕ್ಕಿದಳು, ಬೂದಿ ಹಾಕಿ ತಿಕ್ಕಿದಳು. ಕಪ್ಪು ಹೋಗಲಿಲ್ಲ. ಬೆಳಗಿನ ರೈಲಿಗೆ ಹೊತ್ತಾಗಿತ್ತು. ಟಕ್ ಎಂದು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕುಕ್ಕೆ ಎತ್ತಿದಳು.